ನನ್ನ ಹೆಸರಿನ ಬೈಕು

ಝೆರಾಕ್ಸ್ ಯಂತ್ರದಿಂದ ಆಗತಾನೇ ಹೊರಬಿದ್ದ ಹಾಳೆಗೆ ಒಂದು ಹದವಾದ ಬಿಸಿಯೂ ಒಂದು ಸುಟ್ಟ ವಾಸನೆಯೂ ಇರುತ್ತದೆ, ಗಮನಿಸಿದ್ದೀರಾ? ಇವತ್ತು ಬೆಳಿಗ್ಗೆ ಬನಶಂಕರಿಯ ಒಂದು ಅಂಗಡಿಯಲ್ಲಿ ನನ್ನ ಆಧಾರ್ ಕಾರ್ಡಿನ ಒಂದೇ ಒಂದು ಪ್ರತಿ ತೆಗೆಸುತ್ತಿದ್ದೆ. ನಮ್ಮ ಕೆಳಮನೆಯ ಬಾಡಿಗೆ ಕರಾರಿಗೆ ಬೇಕಿತ್ತು. ಮೊದಲ ಪ್ರತಿ ಸೊಟ್ಟಗೆ ಬಂತು. ಅಂಗಡಿಯವನು ಅದನ್ನು ಕಸದ ಡಬ್ಬಿಗೆ ಎಸೆದು ಇನ್ನೊಂದು ತೆಗೆದುಕೊಟ್ಟ. ನಾನು ಸೊಟ್ಟಗಿನದನ್ನೂ ಕೇಳಿದೆ. ಅದು ವೇಸ್ಟು ಸಾರ್ ಎಂದ. ವೇಸ್ಟೇ ಇರಬಹುದು, ಆದರೆ ಅದರಲ್ಲಿರುವುದು ನಾನು ತಾನೇ? ಡಬ್ಬಿಯಿಂದ ಎತ್ತಿಸಿಕೊಂಡು, ಹದಿನಾರು ಚೂರು ಮಾಡಿ ಜೇಬಿಗೆ ಹಾಕಿಕೊಂಡೆ. ನೆಟ್ಟಗಿದ್ದ ಪ್ರತಿಯ ಮೇಲೆ ಅಡ್ಡಲಾಗಿ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಬರೆದು ತಾರೀಖು ಹಾಕಿದೆ. ಅಂಗಡಿಯವನು ನನ್ನ ಹಿಂದೆ ನಿಂತಿದ್ದವರ ಕಡೆ ನೋಡಿ ಸಣ್ಣಗೆ ನಕ್ಕ. ನಗಲಿ. ಅವನಿಗೆ ಹೇಳುವಷ್ಟು ಪುರುಸೊತ್ತು ಇರಲಿಲ್ಲ. ನೀವು ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಹನುಮಂತನಗರದ ನಮ್ಮ ಮನೆಯ ತಾರಸಿ ಸೋರಲು ಶುರುವಾಗಿತ್ತು. ಅದರ ರಿಪೇರಿಗೆ ಒಂದಿಷ್ಟು ಸಾಲ ಕೇಳೋಣವೆಂದು, ಪಿಂಚಣಿ ಬರುವ ಬ್ಯಾಂಕಿಗೇ ಹೋದೆ. ಮ್ಯಾನೇಜರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಲು ಸೌಜನ್ಯದವಳು. ಕಂಪ್ಯೂಟರ್ ನೋಡುತ್ತಾ ನೋಡುತ್ತಾ ಅವಳ ಮುಖ, ಎಕ್ಸ್‌ರೇ ನೋಡುವ ಡಾಕ್ಟರ ಮುಖದಂತಾಯಿತು. ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಸಾಲ ತೀರಿಸುವ ಯೋಗ್ಯತೆಗೆ ಕೊಡುವ ಅಂಕದಲ್ಲಿ, ಅಂದರೆ ಕ್ರೆಡಿಟ್ ಸ್ಕೋರಿನಲ್ಲಿ, ನಾನು ಫೇಲಾಗಿದ್ದೆ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ, ‘ಸಂಧಿ’ ಎಂದರೆ ಗಲ್ಲಿ ಎಂದಷ್ಟೇ ತಿಳಿದಿದ್ದ ಮಕ್ಕಳನ್ನೂ ಕೃಪಾಂಕ ಕೊಟ್ಟು ದಾಟಿಸಿದವನು ನಾನು. ನನಗೆ ಆ ಯಂತ್ರ ಒಂದೇ ಒಂದು ಕೃಪಾಂಕವನ್ನೂ ಕೊಟ್ಟಿರಲಿಲ್ಲ.

ಕಾರಣ ಒಂದು ಬೈಕು. ಹನ್ನೊಂದು ವರ್ಷದ ಹಿಂದೆ ನಾನು ಒಂದು ಫೈನಾನ್ಸ್ ಕಂಪನಿಯಿಂದ ಸಾಲ ಪಡೆದು ಬೈಕು ಕೊಂಡಿದ್ದೆನಂತೆ. ಹದಿನಾಲ್ಕು ಕಂತು ಶಿಸ್ತಾಗಿ ಕಟ್ಟಿ, ಆಮೇಲೆ ಕೈಯೆತ್ತಿದ್ದೆನಂತೆ. ಬಡ್ಡಿ, ದಂಡ, ದಂಡದ ಮೇಲಿನ ಬಡ್ಡಿ ಎಲ್ಲ ಸೇರಿ ಈಗ ಅದು ಎರಡು ಲಕ್ಷ ದಾಟಿತ್ತು. ನನಗೆ ಸೈಕಲ್ಲೇ ಬರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಾಡಿಗೆ ಸೈಕಲ್ ಹತ್ತಿ, ರಾಮಾಂಜನೇಯ ಗುಡ್ಡದ ಇಳಿಜಾರಿನಲ್ಲಿ ಒಬ್ಬ ಸೊಪ್ಪಿನವಳ ಬುಟ್ಟಿಯೊಳಗೆ ಇಳಿದಿದ್ದೆ. ಅಂದು ಬಿಟ್ಟದ್ದು ಬಿಟ್ಟೆ, ಬಸ್ಸು ಮತ್ತು ಕಾಲು ಇವೆರಡೇ ನನ್ನ ವಾಹನ. ಇದನ್ನೂ ಅವಳಿಗೆ ವಿವರವಾಗಿ ಹೇಳಿದೆ. ಪಾಪ, ಪೂರ್ತಿ ಕೇಳಿಸಿಕೊಂಡಳು. ಆದರೆ ಬರೆದುಕೊಳ್ಳಲಿಲ್ಲ. ಸೊಪ್ಪಿನ ಬುಟ್ಟಿಗೆ ಅವಳ ಅರ್ಜಿಯಲ್ಲಿ ಕಾಲಮ್ಮು ಇರಲಿಲ್ಲ.

ಮನೆಗೆ ಬಂದು ನನ್ನ ಹೆಂಡತಿ ವನಜಾಗೆ ಹೇಳಿದೆ. ಮೂವತ್ತೈದು ವರ್ಷ ಜೊತೆಯಲ್ಲಿ ಬಾಳಿದವಳು ಮೆಲ್ಲಗೆ ಕೇಳಿದಳು: “ನಿಜವಾಗ್ಲೂ ನೀವು ತಗೊಂಡಿಲ್ಲ ತಾನೇ?”

ಮರುದಿನ ಬಿ.ಟಿ.ಎಂ. ಬಡಾವಣೆಗೆ ಹೋದೆ. ಫೈನಾನ್ಸ್ ಕಂಪನಿಯ ಕಚೇರಿ ನಾಲ್ಕನೆಯ ಮಹಡಿಯಲ್ಲಿ, ಒಂದು ಬಿರಿಯಾನಿ ಹೋಟೆಲಿನ ನೆತ್ತಿಯ ಮೇಲಿತ್ತು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಅಧಿಕಾರಿ ನನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಪ್ಯಾನ್ ಸಂಖ್ಯೆ ಎಲ್ಲ ಕೇಳಿ, ಒಂದೊಂದನ್ನೂ ತಾಳೆ ನೋಡಿದ.

“ಎಲ್ಲಾ ಮ್ಯಾಚ್ ಆಗ್ತಿದೆ ಸಾರ್,” ಎಂದ.

“ಆಗ್ಲೇಬೇಕಲ್ಲಪ್ಪ, ನಾನು ನಾನೇ,” ಎಂದೆ.

“ಅದೇ ಸಾರ್. ಹಾಗಾದ್ರೆ ಸಾಲಾನೂ ನಿಮ್ದೇ.”

ಇಂಥ ತರ್ಕವನ್ನು ನಾನು ಯಾವ ಶಾಸ್ತ್ರಗ್ರಂಥದಲ್ಲೂ ಕಂಡಿರಲಿಲ್ಲ. ಸಾಲ ನನ್ನದಲ್ಲ ಎಂದು ತೋರಿಸಬೇಕಾದರೆ ನಾನು ನಾನಲ್ಲ ಎಂದು ತೋರಿಸಬೇಕು. ನಾನು ನಾನಲ್ಲವಾದರೆ ಆ ಸಾಲದ ಬಗ್ಗೆ ತಕರಾರು ಮಾಡಲು ನಾನು ಯಾರು? ಆತ ಕೆಟ್ಟವನಲ್ಲ. ನೀರು ಕೊಟ್ಟ. ಅರವತ್ತು ಸಾವಿರ ಕಟ್ಟಿಬಿಟ್ಟರೆ ಕಡತವನ್ನೇ ಮುಚ್ಚುವುದಾಗಿ ತಗ್ಗಿದ ದನಿಯಲ್ಲಿ ಹೇಳಿದ. ತೆಗೆದುಕೊಳ್ಳದ ಸಾಲವನ್ನು ಯಾಕೆ ತೀರಿಸಬೇಕು ಎಂದು ಕೇಳಿದ್ದಕ್ಕೆ, ಟೆನ್ಷನ್ ಇರಲ್ಲ ಸಾರ್ ಎಂದ. ನಾನು ಒಪ್ಪದಿದ್ದಾಗ ದಾರಿ ತೋರಿಸಿದ: ಪೊಲೀಸ್ ದೂರಿನ ಸ್ವೀಕೃತಿ ತಂದುಕೊಟ್ಟರೆ ಹಳೆಯ ಅರ್ಜಿಯ ಪ್ರತಿ ಕೊಡುತ್ತಾರೆ, ಆಮೇಲೆ ಒಂದು ಪ್ರಮಾಣಪತ್ರ ಕೊಟ್ಟರೆ ವಿಚಾರಣೆ ಮಾಡುತ್ತಾರೆ.

ಹೊರಡುವ ಮುಂಚೆ ಮೊಬೈಲ್ ನಂಬರ್ ಬರೆದುಕೊಂಡ. ನಾನೂ ಕೊಟ್ಟೆ, ದಡ್ಡ. ಹನ್ನೊಂದು ವರ್ಷ ಅದೇ ಮನೆಯಲ್ಲಿ, ಅರ್ಜಿಯಲ್ಲಿ ಬರೆದಿದ್ದ ಅದೇ ವಿಳಾಸದಲ್ಲಿ ಕೂತಿದ್ದವನನ್ನು ಪತ್ತೆಹಚ್ಚಲಾಗದಿದ್ದ ಕಂಪನಿ, ಮಾರನೆಯ ದಿನದಿಂದ ದಿನಕ್ಕೆ ಮೂರು ಸಲ ಫೋನ್ ಮಾಡತೊಡಗಿತು. ಫೋನಿನ ಹುಡುಗಿ ಒಮ್ಮೆ, ಗಾಡಿ ಓಡಿಸುವಾಗ ಚೆನ್ನಾಗಿತ್ತಾ ಸಾರ್ ಎಂದು ಕೇಳಿದಳು. ಹಿಂದೆ ಮುಂದೆ ನೋಡದೆ, ನಾನು ಆ ಗಾಡಿಯ ಮುಖವನ್ನೇ ಕಂಡಿಲ್ಲಮ್ಮ ಎಂದೆ. ಅದು ಸುಳ್ಳೆಂದು ಆಗ ನನಗೆ ಗೊತ್ತಿರಲಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆಗೆ, ಅಪರಾಧ ನಡೆದದ್ದು ಯಾವ ಠಾಣೆಯ ಸರಹದ್ದಿನಲ್ಲಿ ಎಂಬುದೇ ಚಿಂತೆ. ಮನೆ ಇಲ್ಲಿ, ಕಂಪನಿ ಅಲ್ಲಿ, ಬೈಕ್ ಮಾರಿದ ಶೋರೂಮು ಮತ್ತೆಲ್ಲೋ. ಊಟದ ಹೊತ್ತಾದರೂ ನಾನು ಎದ್ದುಹೋಗುವ ಲಕ್ಷಣ ಕಾಣದೆ, ಕೊನೆಗೆ ಕಾಗದ ಎಳೆದುಕೊಂಡರು. ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದರು. ಇಲ್ಲವೆಂದೆ. ನನ್ನ ದಾಖಲೆಗಳ ಪ್ರತಿ ಯಾರ ಯಾರ ಕೈಗೆ ಹೋಗಿದೆ ಎಂದು ಕೇಳಿದರು. ಗ್ಯಾಸಿನವರಿಗೆ, ಸಿಮ್ಮಿನವರಿಗೆ, ಲಾಲ್‌ಬಾಗಿನ ವಾಯುವಿಹಾರಿಗಳ ಸಂಘಕ್ಕೆ, ಉಚಿತ ಆರೋಗ್ಯ ಕಾರ್ಡು ಮಾಡಿಸಿಕೊಡುತ್ತೇನೆಂದು ಮನೆಗೆ ಬಂದು ಮಜ್ಜಿಗೆ ಕುಡಿದು ಹೋದವನಿಗೆ. ಹೇಳುತ್ತಾ ಹೋದಂತೆ ನನಗೇ ನಾಚಿಕೆಯಾಯಿತು. ಅರ್ಧ ಬೆಂಗಳೂರು ನನ್ನ ಹೆಸರಿನಲ್ಲಿ ಸಾಲ ಮಾಡಬಹುದಿತ್ತು. ಒಬ್ಬನೇ ಮಾಡಿದ್ದಾನೆಂದರೆ ಆ ಹೆಸರಿನ ಯೋಗ್ಯತೆ ಅಷ್ಟೇ ಇರಬೇಕು. ‘ಅಪರಿಚಿತ ವ್ಯಕ್ತಿಗಳು’ ಎಂದು ಬರೆದು ಸ್ವೀಕೃತಿ ಕೊಟ್ಟರು.

ಅದನ್ನು ಒಯ್ದುಕೊಟ್ಟು ಹದಿನೈದು ದಿನಕ್ಕೆ ಅರ್ಜಿಯ ಪ್ರತಿ ಕೈಗೆ ಬಂತು. ನಾಲ್ಕು ಹಾಳೆ. ಹೆಸರು ನನ್ನದು, ವಿಳಾಸ ನನ್ನದು, ವಯಸ್ಸು ಐವತ್ತೆರಡು. ಜೊತೆಗೆ ಲಗತ್ತಿಸಿದ್ದ ಪ್ಯಾನ್ ಕಾರ್ಡಿನ ಪ್ರತಿಯಲ್ಲಿ ನನ್ನ ಮುಖ ಮಸಿಯ ಮುದ್ದೆ. ಆದರೆ ಅರ್ಜಿಗೆ ಅಂಟಿಸಿದ್ದ ಫೋಟೋದಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಇದ್ದ. ದಪ್ಪ ಮೀಸೆ, ತಲೆ ತುಂಬ ಗುಂಗುರು ಕೂದಲು. ಕೆಳಗೆ ಇಂಗ್ಲಿಷಿನಲ್ಲಿ ಸರಾಗವಾಗಿ ಹರಿದ ಒಂದು ಸಹಿ. ನಾನು ಹುಟ್ಟಿದಾರಭ್ಯ ಕನ್ನಡದಲ್ಲೇ ಸಹಿ ಮಾಡುವವನು, ಅದೂ ಒತ್ತಕ್ಷರ ಒಂದೂ ಬಿಡದೆ. ಪ್ಯಾನ್ ಕಾರ್ಡಿನಲ್ಲೂ ಅದೇ ಇದೆ. ಆ ಎರಡು ಹಾಳೆಗಳು ಒಂದೇ ಪಿನ್ನಿಗೆ ಚುಚ್ಚಿಸಿಕೊಂಡು ಹನ್ನೊಂದು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದವು. ‘ಅರ್ಜಿದಾರರನ್ನು ಖುದ್ದಾಗಿ ನೋಡಿ ಪರಿಶೀಲಿಸಿದ್ದೇನೆ’ ಎಂದು ಕಂಪನಿಯ ಏಜೆಂಟು ಬೇರೆ ಬರೆದಿದ್ದ.

ಎರಡು ಸಹಿ ಇರಬಾರದು ಅಂತ ರೂಲ್ ಇಲ್ಲ ಎಂದ ಅಧಿಕಾರಿ. ಎರಡು ಮುಖ ಇರಬಹುದೇ ಎಂದೆ. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಆಮೇಲೆ ನನ್ನ ತಲೆಯ ಮೇಲ್ಭಾಗವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ.

“ಹನ್ನೊಂದು ವರ್ಷ ಆಯ್ತಲ್ಲ ಸಾರ್. ಚೇಂಜ್ ಆಗಿರ್ತೀರ.”

ಮನೆಗೆ ತಂದು ಮೇಜಿನ ಮೇಲಿಟ್ಟೆ. ಎಲ್ಲೋ ಕಂಡ ಮುಖವೆನಿಸುತ್ತಿತ್ತು, ಹಿಡಿತಕ್ಕೆ ಸಿಗುತ್ತಿರಲಿಲ್ಲ. ವನಜಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಒಂದು ಕ್ಷಣವೂ ಹಿಡಿಯಲಿಲ್ಲ.

“ಇದು ನಮ್ಮ ನಾಗೇಶ ಅಲ್ವೇನ್ರೀ?”

ನಾಗೇಶನ ಬಗ್ಗೆ ಹೇಳದಿದ್ದರೆ ಈ ಕತೆಯಲ್ಲಿ ನಾನೊಬ್ಬನೇ ಸಾಚಾ ಎನಿಸಿಬಿಡುತ್ತದೆ. ಅವನೂ ಅವನ ಹೆಂಡತಿ ಮಂಜುಳಾನೂ ನಮ್ಮ ಕೆಳಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದರು. ಅವನು ಕೊರಿಯರ್ ಹಂಚುವ ಕೆಲಸದಲ್ಲಿದ್ದ. ಐದನೇ ತಾರೀಖು ತಪ್ಪದೆ ಬಾಡಿಗೆ, ಮೇಲಿನ ಟ್ಯಾಂಕು ತುಂಬಿದರೆ ನನಗಿಂತ ಮುಂಚೆ ಮೋಟಾರ್ ಆರಿಸುವ ಜವಾಬ್ದಾರಿ. ಬಂದ ಹೊಸದರಲ್ಲಿ ಬಾಡಿಗೆ ಕರಾರು ಮಾಡಿಸಿಕೊಡಿ ಎಂದು ಕೇಳಿದ್ದ. ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ, ನಮ್ಮ ನಮ್ಮಲ್ಲಿ ಕರಾರು ಯಾಕಪ್ಪ, ನಂಬಿಕೆ ಸಾಲದೇ ಎಂದಿದ್ದೆ. ನಂಬಿಕೆಯ ವಿಷಯ ಹಾಗಿರಲಿ, ಕರಾರಾದರೆ ಬಾಡಿಗೆಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕಾಗುತ್ತದೆ ಎಂಬುದು ಒಳಗಿನ ಸಂಗತಿ. ಕರಾರಿಲ್ಲದವನಿಗೆ ಈ ಊರಿನಲ್ಲಿ ವಿಳಾಸವಿಲ್ಲ, ವಿಳಾಸವಿಲ್ಲದವನಿಗೆ ಗ್ಯಾಸೂ ಇಲ್ಲ. ಮಂಜುಳಾ ಸೀಮೆಎಣ್ಣೆ ಸ್ಟವ್ವಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಲಾರದೆ ವನಜಾ ಜಗಳ ತೆಗೆದ ಮೇಲೆ, ಗ್ಯಾಸ್ ಸಂಪರ್ಕವನ್ನು ನನ್ನ ಹೆಸರಿನಲ್ಲೇ ತೆಗೆದುಕೋ ಎಂದು ಔದಾರ್ಯ ಮೆರೆದು, ಪ್ಯಾನು, ಕರೆಂಟ್ ಬಿಲ್ಲು, ಎಲ್ಲದರ ಪ್ರತಿಗಳನ್ನೂ ನಾನೇ ಕೈಯಾರೆ ಕೊಟ್ಟಿದ್ದೆ. ಎಷ್ಟು ಪ್ರತಿ ಬೇಕು ಎಂದು ಕೇಳಿದವನೂ ನಾನೇ. ಇರಲಿ ಎಂದು ಎರಡು ಹೆಚ್ಚಿಗೆ ಕೊಟ್ಟೆ.

ಬೈಕು ಬಂದ ದಿನವಂತೂ ಈಗ ಎಷ್ಟು ಚೆನ್ನಾಗಿ ನೆನಪಿಗೆ ಬರುತ್ತದೆ! ಕೆಂಪು ಬಣ್ಣದ್ದು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟದ್ದು ಮಂಜುಳಾ, ಆರತಿ ಎತ್ತಿದ್ದು ವನಜಾ, ತೆಂಗಿನಕಾಯಿ ಒಡೆದವನು ಸಾಕ್ಷಾತ್ ನಾನು. ನಾಗೇಶ ನನ್ನ ಕಾಲಿಗೆ ನಮಸ್ಕಾರ ಮಾಡಿ, “ಎಲ್ಲಾ ನಿಮ್ಮಿಂದಾನೇ ಮೇಷ್ಟ್ರೇ,” ಎಂದ. ಎಂಥ ವಿನಯವಂತ ಎಂದುಕೊಂಡೆ. ಅವನು ಆಡಿದ್ದು ಬರೀ ಸತ್ಯ. ಆ ವರ್ಷ ಮೌಲ್ಯಮಾಪನದ ಹದಿನೈದು ದಿನವೂ ಜಯನಗರದ ಕೇಂದ್ರಕ್ಕೆ ನನ್ನನ್ನು ಅದರ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟ. ಅಂದರೆ ಕಾನೂನಿನ ಪ್ರಕಾರ ನನ್ನ ಬೈಕಿನ ಮೇಲೆ ನಾನು ಓಡಾಡಿದೆ. ಅದಕ್ಕಾಗಿ ಅವನಿಗೆ ಒಂದು ದಿನ ಕಾಫಿ ಕೊಡಿಸಿ, ಉಪಕಾರಸ್ಮರಣೆಯನ್ನೂ ಮಾಡಿದ್ದೆ.

ಈಗ ಠಾಣೆಗೆ ಹೋದೆ, ಕೈಯಲ್ಲಿ ಫೋಟೋ, ಎದೆಯಲ್ಲಿ ಬೆಂಕಿ. ಪೇದೆ ಕಾಗದ ತೆಗೆದರು. ಹೆಸರು? ನಾಗೇಶ. ತಂದೆಯ ಹೆಸರು? ಗೊತ್ತಿಲ್ಲ. ಊರು? ಮಾಗಡಿ ಕಡೆ ಇರಬೇಕು, ಅಥವಾ ಕನಕಪುರ. ವಯಸ್ಸು? ಸುಮಾರು. ಮೂರು ವರ್ಷ ನಿಮ್ಮ ಮನೆಯಲ್ಲೇ ಇದ್ದನೆಂದಿರಲ್ಲ ಮೇಷ್ಟ್ರೇ ಎಂದು ಅವರು ಪೆನ್ನು ಕೆಳಗಿಟ್ಟರು. ತಿಳಿದುಕೊಂಡು ಬಂದು ಬರೆಸಿ ಎಂದರು. ಮನೆಯವರೆಗೂ ನಡೆದೇ ಬಂದೆ. ಅವನಿಗೆ ನನ್ನ ತಂದೆಯ ಹೆಸರು ಗೊತ್ತು, ಹುಟ್ಟಿದ ದಿನ ಗೊತ್ತು, ಸಂಬಳ ಗೊತ್ತು. ನನಗೆ ಗೊತ್ತಿದ್ದದ್ದು ಅವನ ಐದನೇ ತಾರೀಖು ಮಾತ್ರ.

ಅವನು ಎಲ್ಲಿದ್ದಾನೆಂದು ಪತ್ತೆ ಮಾಡುವುದು ಹೇಗೆ ಎಂದು ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದರೆ, ವನಜಾ, ಜೆ.ಪಿ. ನಗರದಲ್ಲಿದ್ದಾನೆ, ಬೈಕುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದಾನೆ, ಒಬ್ಬಳು ಮಗಳು ಎಂದಳು. ನಿನಗೆ ಹೇಗೆ ಗೊತ್ತು? ಮಂಜುಳಾ ಪ್ರತಿ ಯುಗಾದಿಗೆ ಫೋನ್ ಮಾಡುತ್ತಾಳೆ. ನನಗೆ ಯಾಕೆ ಹೇಳಲಿಲ್ಲ? ಪ್ರತಿ ಯುಗಾದಿಗೂ ಹೇಳಿದ್ದೇನೆ.

ಇಬ್ಬರೂ ಹೋದೆವು. ಇಷ್ಟಗಲದ ಅಂಗಡಿ, ಗೋಡೆ ತುಂಬ ರೆಕ್ಸಿನ್ ಸುರುಳಿಗಳು. ನಾಗೇಶನ ಕೂದಲೂ ಅರ್ಧಕ್ಕರ್ಧ ಖಾಲಿಯಾಗಿತ್ತು. ನಮ್ಮನ್ನು ಕಂಡವನೇ ಎದ್ದು ನಿಂತ, ಎರಡು ಸ್ಟೂಲು ಒರೆಸಿ ಹಾಕಿದ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಭಾಷಣವನ್ನು ಬಿಟ್ಟು, ಅರ್ಜಿಯ ಪ್ರತಿಯನ್ನಷ್ಟೇ ಅವನ ಹೊಲಿಗೆ ಯಂತ್ರದ ಮೇಲಿಟ್ಟೆ. ಬಹಳ ಹೊತ್ತು ನೋಡಿದ. ಅಲ್ಲಗಳೆಯುತ್ತಾನೆಂದುಕೊಂಡಿದ್ದೆ. ಅಲ್ಲಗಳೆಯಲಿಲ್ಲ.

“ಇದು ಮುಗ್ದೋಗಿದೆ ಅಂದ್ಕೊಂಡಿದ್ದೆ ಮೇಷ್ಟ್ರೇ.”

“ನನ್ನ ಹೆಸರಲ್ಲಿ ಕಳ್ಳಸಹಿ ಹಾಕಿದೀಯಲ್ಲೋ,” ಎಂದೆ.

“ಸಹಿ ಹಾಕಿದ್ದು ತಪ್ಪೇ. ಆದ್ರೆ ನಿಮ್ಮನ್ನ ಕೇಳಿದ್ದೆ. ನನ್ ಹತ್ರ ಅಡ್ರೆಸ್ ಪ್ರೂಫ್ ಇಲ್ಲ, ನಿಮ್ ಹೆಸರಲ್ಲಿ ಗಾಡಿ ತಗೋತೀನಿ, ಕಂತು ನಾನೇ ಕಟ್ತೀನಿ ಅಂತ. ನೀವು ಪೇಪರ್ ತಿದ್ದುತಾ ಕೂತಿದ್ರಿ. ಹೂಂ ಅಂದ್ರಿ.”

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿ ವನಜಾ ಇದ್ದಾಳಲ್ಲ, ಅವಳಾದರೂ ನನ್ನ ಪರವಾಗಿ ಏನಾದರೂ ಅನ್ನುತ್ತಾಳೆಂದು ನೋಡಿದೆ. ಅವಳು ರೆಕ್ಸಿನ್ ಸುರುಳಿಗಳ ಬಣ್ಣವನ್ನು ಶ್ರದ್ಧೆಯಿಂದ ಪರಿಶೀಲಿಸುತ್ತಿದ್ದಳು. ಮೂವತ್ತೈದು ವರ್ಷದಲ್ಲಿ ಅವಳಿಗೆ ನಾನು ಹೇಳಿರುವ ಹೂಂಗಳಲ್ಲಿ ಎಷ್ಟು ಅವಳ ಮಾತಿಗೆ ಹೇಳಿದ್ದು, ಎಷ್ಟು ಸುಮ್ಮನೆ ಉಸಿರು ಹೊರಬಿದ್ದದ್ದು ಎಂಬುದು ಅವಳಿಗೆ ಮಾತ್ರ ಗೊತ್ತು. ಅಷ್ಟು ವರ್ಷದ ಮಾತು. ಅವನು ಕೇಳಿದ್ದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕೇಳಿದ್ದರೆ ನಾನು ಹೂಂ ಎಂದಿರುತ್ತೇನೆ ಎಂಬುದರಲ್ಲಿ ಮಾತ್ರ ನನಗೂ ಅನುಮಾನವಿಲ್ಲ.

ಕಂತು ನಿಂತದ್ದು ಯಾಕೆಂದು ಕೇಳಿದೆ. ಮಾರ್ಕೆಟ್ಟಿನ ಹತ್ತಿರ ಕೊರಿಯರ್ ಕೊಡಲು ಇಳಿದಾಗ ಬೈಕು ಕಳುವಾಯಿತಂತೆ. ದೂರು ಕೊಡಲು ಹೋದರೆ ಗಾಡಿ ಯಾರ ಹೆಸರಲ್ಲಿದೆ ಎಂದು ಕೇಳುತ್ತಾರೆ. ಹಾಗಾಗಿ ಹೋಗಲಿಲ್ಲ. ಬೈಕಿಲ್ಲದೆ ಕೆಲಸವೂ ಹೋಯಿತು. ನನಗೆ ಹೇಳಬೇಕೆಂದು ಎರಡು ಸಲ ಮಹಡಿ ಮೆಟ್ಟಿಲು ಹತ್ತಿ ಇಳಿದನಂತೆ. ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿದ. ನನ್ನ ಗಾಡಿ ಕಳುವಾದ ದುಃಖವನ್ನು ಅವನೊಬ್ಬನೇ ಅನುಭವಿಸಿದ್ದ, ಮಾಲೀಕನಾದ ನನಗೆ ಸುದ್ದಿಯೇ ಇರಲಿಲ್ಲ. ಇಷ್ಟು ಹೇಳಿ ಅವನು, “ಕಂಪ್ಲೇಂಟಲ್ಲಿ ನನ್ ಹೆಸರು ಬರೀರಿ ಮೇಷ್ಟ್ರೇ. ಬೇಡ ಅನ್ನಲ್ಲ. ಮಗಳ ಸ್ಕೂಲಿಗೆ ಮಾತ್ರ ಗೊತ್ತಾಗ್ದೆ ಇರಲಿ,” ಎಂದ.

ಬರೆಯಬೇಕೆಂದೇ ಹೋಗಿದ್ದವನು ನಾನು. ಬಸ್ಸಿನಲ್ಲಿ ವಾಪಸ್ ಬರುವಾಗಲೂ ಬರೆಯುತ್ತೇನೆಂದೇ ಹೇಳುತ್ತಿದ್ದೆ. ಅಷ್ಟರಲ್ಲಿ ಪ್ರಮಾಣಪತ್ರ ಮಾಡಿಸುವುದು ಬಾಕಿಯಿತ್ತು. ಅದನ್ನು ಬೆರಳಚ್ಚು ಮಾಡಿಕೊಟ್ಟ ವಕೀಲರ ಗುಮಾಸ್ತರು ಇಂಥ ಎಷ್ಟನ್ನೋ ಮಾಡಿದವರು, ನನ್ನನ್ನು ಏನೂ ಕೇಳದೆ ಟೈಪಿಸಿದ್ದರು: ‘ಸದರಿ ಸಾಲವನ್ನು ನನ್ನ ಗಮನಕ್ಕೆ ಬಾರದಂತೆ ಪಡೆಯಲಾಗಿರುತ್ತದೆ.’ ಎರಡೆರಡು ಸಲ ಓದಿದೆ. ಕನ್ನಡ ಮೇಷ್ಟ್ರಾಗಿ ನಾನು ಬದುಕಿನಲ್ಲಿ ಅಷ್ಟು ನಿಖರವಾದ ಒಂದು ವಾಕ್ಯವನ್ನು ಬರೆದಿರಲಿಲ್ಲ. ಒತ್ತಕ್ಷರ ಬಿಡದೆ ಸಹಿ ಹಾಕಿದೆ.

ಠಾಣೆಯಲ್ಲಿ ಅವನ ಹೆಸರು ಬರೆಸಲಿಲ್ಲ. ಬದಲು, ಬಿ.ಟಿ.ಎಂ. ಕಚೇರಿಗೆ ಅವನನ್ನು ಜೊತೆಗೆ ಕರೆದುಕೊಂಡು ಹೋದೆ. ಸಾಲ ಮಾಡಿದವನೇ ನಡೆದುಬಂದು ಫೋಟೋ ನನ್ನದು ಎಂದಾಗ ಆ ಅಧಿಕಾರಿ ಕಂಗಾಲಾದ. ಇಂಥದ್ದಕ್ಕೆ ಅವರ ಕಂಪ್ಯೂಟರಿನಲ್ಲಿ ಗುಂಡಿಯೇ ಇರಲಿಲ್ಲ. ಮೇಲಿನವರಿಗೆ ಫೋನ್ ಮಾಡಿದ. ‘ಖುದ್ದಾಗಿ ನೋಡಿ ಪರಿಶೀಲಿಸಿದ್ದೇನೆ’ ಎಂಬ ಏಜೆಂಟಿನ ಬರಹವನ್ನು ನಾನು ನಡುನಡುವೆ ಗಟ್ಟಿಯಾಗಿ ಓದುತ್ತಿದ್ದೆ, ಪಾಠ ಮಾಡಿದ ಗಂಟಲು. ಮೂರು ತಿಂಗಳು ಪತ್ರವ್ಯವಹಾರ ನಡೆಯಿತು. ಕೊನೆಗೆ ಬಡ್ಡಿ, ದಂಡ ಎಲ್ಲ ಕೈಬಿಟ್ಟರು. ಉಳಿದ ಅಸಲನ್ನು ನಾಗೇಶ ಎಂಟು ಕಂತಿನಲ್ಲಿ ಕಟ್ಟಿ ಮುಗಿಸಿದ, ಈ ಸಲ ತನ್ನ ಸಹಿಯಲ್ಲಿ. ನನ್ನ ಹೆಸರನ್ನು ಆ ಲೆಕ್ಕದಿಂದ ತೆಗೆದುಹಾಕಿ ಒಂದು ಪತ್ರ ಕಳಿಸಿದರು. ‘ನಿಮಗೆ ಉಂಟಾಗಿರಬಹುದಾದ ಅನನುಕೂಲಕ್ಕೆ’ ವಿಷಾದಿಸಿದ್ದರು. ಉಂಟಾಗಿರಬಹುದಾದ! ಆ ಪದಕ್ಕೆ ಪೂರ್ಣಾಂಕ.

ನಾಗೇಶನೊಂದಿಗೆ ಆ ಕಚೇರಿಯ ಬೆಂಚಿನ ಮೇಲೆ ಕಾದು ಕೂತ ಗಂಟೆಗಳೆಷ್ಟೋ. ಬೇರೆ ಕೆಲಸವಿಲ್ಲದೆ ಮಾತಾಡಿದೆವು. ಅವನ ಅಪ್ಪನ ಹೆಸರು ಕರಿಯಪ್ಪ. ಊರು ಮಾಗಡಿಯೂ ಅಲ್ಲ, ಕನಕಪುರವೂ ಅಲ್ಲ, ಮಳವಳ್ಳಿಯ ಹತ್ತಿರ. ನಮ್ಮ ಕೆಳಮನೆಯಲ್ಲಿದ್ದಾಗಲೇ ಆ ಅಪ್ಪ ತೀರಿಕೊಂಡಿದ್ದರು. ಹದಿಮೂರು ದಿನ ಊರಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಿದ್ದನಂತೆ. ನಾನು ಮೆಟ್ಟಿಲಲ್ಲಿ ಎದುರಾಗಿ, ಏನು ನಾಗೇಶ, ತಿರುಪತಿಗೆ ಹೋಗಿದ್ಯಾ ಎಂದು ಕೇಳಿದ್ದೆನಂತೆ. ಅವನು ಹೂಂ ಎಂದಿದ್ದ.

ಅವನ ಕೊನೆಯ ಕಂತು ಮುಗಿದು ವರ್ಷವಾಗುತ್ತಾ ಬಂತು. ಈಗ ಕೆಳಮನೆಯಲ್ಲಿ ಇಬ್ಬರು ನರ್ಸುಗಳಿದ್ದಾರೆ, ದೀಪಾ ಮತ್ತು ಸವಿತಾ. ಜಯನಗರದ ಒಂದು ಆಸ್ಪತ್ರೆಯಲ್ಲಿ ಕೆಲಸ. ಬಂದು ಒಂದೂವರೆ ವರ್ಷವಾಯಿತು. ಇವತ್ತು ಝೆರಾಕ್ಸ್ ಹಿಡಿದು ಮನೆಗೆ ಬಂದವನು ಇಬ್ಬರನ್ನೂ ಮೇಲಕ್ಕೆ ಕರೆದು, ಬಾಡಿಗೆ ಕರಾರು ಮಾಡಿಸುತ್ತಿದ್ದೇನೆ, ತೆರಿಗೆ ಎಷ್ಟಾದರೂ ಆಗಲಿ, ನಿಮಗೊಂದು ವಿಳಾಸ ಅಂತ ಇರಬೇಕಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಘೋಷಿಸಿದೆ. ಅವರು ಮುಖ ಮುಖ ನೋಡಿಕೊಂಡರು.

“ಹೋದ್ ವರ್ಷಾನೇ ಕೇಳಿದ್ವಲ್ಲ ಅಂಕಲ್,” ಎಂದಳು ದೀಪಾ, ತಪ್ಪು ತಿಳಿಯಬಾರದೆಂಬ ದನಿಯಲ್ಲಿ. “ನೀವು ಟಿ.ವಿ. ನೋಡ್ತಿದ್ರಿ. ಹೂಂ, ಮಾಡ್ಸೋಣ ಅಂದ್ರಿ.”

ವನಜಾ ಅವರಿಬ್ಬರಿಗೂ ಕಾಫಿ ಕೊಟ್ಟು, ನನ್ನ ಲೋಟವನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟಳು. ನಾನು ಪೆನ್ನಿನ ಮುಚ್ಚಳ ತೆಗೆದೆ. ದೀಪಾಳ ತಂದೆಯ ಹೆಸರು ಕೇಳಿ ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಸರಿಯಾಗಿದೆಯಾ ಎಂದು ಕೇಳಿದೆ. ಇಲ್ಲ ಅಂಕಲ್, ತಪ್ಪಾಗಿದೆ ಎಂದಳು. ಹೊಡೆದುಹಾಕಿ, ಅವಳು ಇನ್ನೊಂದು ಸಲ ಹೇಳುವವರೆಗೂ ಅವಳ ಮುಖವನ್ನೇ ನೋಡುತ್ತಾ ಕೂತೆ.